ಹಬ್ಬದ ಹಿಂದಿನ ದಿನ ನಮಗೆ ಬಿಡಿ! ಬಲವಂತದ ಪಾರ್ಟಿ ನಿಲ್ಲಿಸಿ!

ಬೆಂಗಳೂರಿನ ಆಫೀಸು, ಕಾಲ್ ಸೆಂಟರ್, ಮಾಲು, ಷೋರೂಮುಗಳಲ್ಲಿ ದುಡಿಯುವ ಅಕ್ಕಂದಿರೇ, ಅಣ್ಣಂದಿರೇ, ಗೆಳೆಯರೇ,

ಮೇಲ್ ಬಂತಲ್ಲ! ನಿಮಗೂ ಬಂತು, ನಮಗೂ ಬಂತು. ಡಿಸೆಂಬರ್ 23ರ ಸಂಜೆ ವರ್ಷದ ಕೊನೆಯ ಸಮಾರಂಭ. ಕೆಲವು ಕಡೆ 24ಕ್ಕೇ ಇಟ್ಟಿದ್ದಾರೆ. ಜಾಗ ಊರಾಚೆಯ ರೆಸಾರ್ಟು. ಹಾಜರಿ ಕಡ್ಡಾಯ. ರಜೆ ಹಾಕಿದವರು ಮ್ಯಾನೇಜರನ್ನು ಕಾಣಬೇಕು. ಇಷ್ಟು ಬರೆದು, ಕೆಳಗೆ ಕ್ರಿಸ್‌ಮಸ್ ಶುಭಾಶಯವನ್ನೂ ಹಾಕಿದ್ದಾರೆ!

ಯಾರಿಗೆ ಶುಭಾಶಯ? ಊರಿಗೆ ಹೊರಟವರ ಕಾಲಿಗೆ ಅಡ್ಡ ಬಂದು ಯಾರಿಗೆ ಹಬ್ಬ ಮಾಡುತ್ತೀರಿ?

ಮಂಗಳೂರು, ಉಡುಪಿ ಕಡೆಯವರು ಇಲ್ಲದ ಆಫೀಸು ಬೆಂಗಳೂರಿನಲ್ಲಿ ಎಲ್ಲಿದೆ? ಅವರ ಪಾಡು ಕೇಳಿ. ರೈಲಿನ ಟಿಕೆಟ್ 60 ದಿನ ಮೊದಲೇ ತೆರೆಯುತ್ತದೆ. ಅಕ್ಟೋಬರಿನಲ್ಲೇ ಬೆಳಿಗ್ಗೆ ಎಂಟಕ್ಕೆ ಫೋನ್ ಹಿಡಿದು ಕೂತಿರುತ್ತಾರೆ. ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಒಂದು ಬರ್ತ್ ಸಿಕ್ಕರೆ ಅರ್ಧ ಹಬ್ಬ ಆದಂತೆಯೇ. ಅದು 23ರ ರಾತ್ರಿಯ ಟಿಕೆಟ್. ಈಗ ಅದೇ ರಾತ್ರಿ ರೆಸಾರ್ಟಿನಲ್ಲಿ ಕುಣಿಯಬೇಕಂತೆ!

ಟಿಕೆಟ್ ಕ್ಯಾನ್ಸಲ್ ಮಾಡಿದರೆ ಇನ್ನೊಂದು ಎಲ್ಲಿ ಸಿಗುತ್ತದೆ? ತತ್ಕಾಲ್ ತೆರೆದ ಕೆಲವೇ ನಿಮಿಷದಲ್ಲಿ ಖಾಲಿ. ಸರ್ಕಾರಿ ಬಸ್ಸು ಭರ್ತಿ. ಖಾಸಗಿ ಬಸ್ಸಿನವರು ಹಬ್ಬದ ವಾರದಲ್ಲಿ ಕೇಳುವ ರೇಟು ನಿಮಗೆ ಗೊತ್ತೇ ಇದೆ. ಗಂಡ ಹೆಂಡತಿ ಇಬ್ಬರು ಮಕ್ಕಳ ಸಮೇತ ಹೋಗುವ ಮನೆಯಲ್ಲಿ ಆ ದುಡ್ಡು ಎಲ್ಲಿಂದ ಬರಬೇಕು? ಅದನ್ನು ಕಂಪನಿ ಕೊಡುತ್ತದೆಯೇ? ಒಂದು ಪೈಸೆ ಇಲ್ಲ!

ಹೇಗೋ 24ರ ಬೆಳಿಗ್ಗೆ ಹೊರಟರು ಅನ್ನಿ. ಸುಮಾರು 350 ಕಿಲೋಮೀಟರ್ ದಾರಿ. ನೆಲಮಂಗಲ ದಾಟುವಷ್ಟರಲ್ಲೇ ಹಬ್ಬದ ದಟ್ಟಣೆ. ಮುಂದೆ ಹಾಸನ, ಸಕಲೇಶಪುರ, ಶಿರಾಡಿ ಘಾಟಿ. ಅಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಮುಗಿಯಿತು, ಎಲ್ಲರೂ ಅಲ್ಲೇ. ಮನೆ ಸೇರುವಾಗ ಕತ್ತಲಾಗಿರುತ್ತದೆ. ಮಕ್ಕಳು ವಾಂತಿ ಮಾಡಿ ಸುಸ್ತಾಗಿರುತ್ತಾರೆ. ಸ್ನಾನಕ್ಕೂ ಹೊತ್ತಿಲ್ಲ, ಚರ್ಚಿನ ಗಂಟೆ ಹೊಡೆಯುತ್ತದೆ.

ಕ್ರಿಸ್‌ಮಸ್ ಹುಟ್ಟುವುದೇ 24ರ ರಾತ್ರಿ! ಈ ಮಾತು ಆಡಳಿತದವರಿಗೆ ಯಾರಾದರೂ ಹೇಳಬೇಕು. ಅಂದು ರಾತ್ರಿಯ ಬಲಿಪೂಜೆಯೇ ಹಬ್ಬದ ಬಾಗಿಲು. 25ಕ್ಕೆ ರಜೆ ಕೊಟ್ಟಿದ್ದೇವಲ್ಲ ಅನ್ನುತ್ತಾರೆ. 25ರ ರಜೆ ಬೆಂಗಳೂರಿನಲ್ಲೇ ಮನೆ ಇರುವವರಿಗೆ ಸಾಕು. ದೂರದ ಊರಿನವರಿಗೆ 24 ಕೈಬಿಟ್ಟರೆ 25 ಯಾತಕ್ಕೂ ಬಾರದು.

ಆ ಊರಿನ ಅಡುಗೆಮನೆಯಲ್ಲಿ ಏನಾಗುತ್ತಿರುತ್ತದೆ, ಸ್ವಲ್ಪ ನೆನೆಯಿರಿ. ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು ಮಾಡುವುದು, ಒಬ್ಬರ ಕೈಯಿಂದ ಆಗುವ ಕೆಲಸವಲ್ಲ. ನೆವ್ರಿಗೆ ಹೂರಣ ತುಂಬಬೇಕು. ಕಿಡಿಯೊ ಒಂದೊಂದನ್ನೇ ಬೆರಳಲ್ಲಿ ಸುರುಳಿ ಸುತ್ತಬೇಕು. ಗುಳಿಯೊ ಉಂಡೆ ಕಟ್ಟಬೇಕು. ಚಕ್ಕುಲಿ ಒತ್ತಬೇಕು. ಎಲ್ಲರೂ ಸುತ್ತ ಕೂತು, ಮಾತಾಡುತ್ತ, ಜಗಳ ಆಡುತ್ತ ಮಾಡುವ ಕೆಲಸ ಅದು. ಆಮೇಲೆ ತಟ್ಟೆ ತುಂಬಿ ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಗಳಿಗೂ ಹಂಚಬೇಕು. ಗೋದಲಿ ಕಟ್ಟಬೇಕು, ನಕ್ಷತ್ರ ತೂಗು ಹಾಕಬೇಕು. ಆದರೆ ಒಬ್ಬ ಮಗ ಗಲ್ಫಿನಲ್ಲಿ, ಒಬ್ಬಳು ಮಗಳು ಬೆಂಗಳೂರಿನಲ್ಲಿ. ಮನೆಯಲ್ಲಿ ಉಳಿದವರು ಮಂಡಿ ನೋವಿನ ಅಮ್ಮ ಮಾತ್ರ. ಬೆಂಗಳೂರಿನ ಮಗಳಾದರೂ ಬರುತ್ತಾಳೆ ಎಂದು ಅಕ್ಕಿ ನೆನೆಹಾಕಿ ಕೂತ ಅಮ್ಮನಿಗೆ ಮಗಳು ಫೋನ್ ಮಾಡಿ ಏನು ಹೇಳಬೇಕು? ಅಮ್ಮ, ಆಫೀಸಿನಲ್ಲಿ ಡ್ಯಾನ್ಸ್ ಇದೆ, ನಾಳೆ ಬರುತ್ತೇನೆ ಅನ್ನಬೇಕೇ?

ನಮ್ಮ ಜೊತೆ ದುಡಿಯುವ ಒಬ್ಬಳು ಹಾಗೆ ಹೇಳಿದ್ದಾಳೆ. ಕಳೆದ ವರ್ಷ. ಹೇಳಿ, ಫೋನ್ ಇಟ್ಟು, ಟಾಯ್ಲೆಟ್ಟಿಗೆ ಹೋಗಿ ಅತ್ತು ಬಂದಳು. ಹೊರಗೆ ನಿಂತಿದ್ದ ನಮ್ಮ ಬಾಯಲ್ಲಿ ಮಾತು ಬರಲಿಲ್ಲ.

ಮಂಗಳೂರಿನವರೊಬ್ಬರ ಕಥೆಯಲ್ಲ ಇದು! ಬೀದರಿನವರನ್ನು ಕೇಳಿ. ಸುಮಾರು 700 ಕಿಲೋಮೀಟರ್ ಆಚೆ ಅವರ ಊರು, ಅವರ ಮೆಥೊಡಿಸ್ಟ್ ಚರ್ಚು. 23ರ ರಾತ್ರಿ ತಪ್ಪಿದರೆ ಅವರಿಗೆ ಹಬ್ಬವೇ ಇಲ್ಲ. ಕೆಜಿಎಫ್‌ನವರನ್ನು ಕೇಳಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಜನ ದಿನಾ ಕತ್ತಲಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ. ಸಂಜೆಯ ಮಾರಿಕುಪ್ಪಂ ರೈಲು ತಪ್ಪಿದರೆ ಅವರು ಮನೆಗೆ ಹೋಗುವುದು ಹೇಗೆ? ರೆಸಾರ್ಟಿನ ಡಿಜೆ ನಿಲ್ಲುವುದು ರಾತ್ರಿ ಹನ್ನೊಂದಕ್ಕೆ!

ಆ ಪಾರ್ಟಿಯಲ್ಲಿ ಕುರ್ಚಿ ಹಾಕುವವರು ಯಾರು? ತಟ್ಟೆ ಎತ್ತುವವರು ಯಾರು? ಹೌಸ್‌ಕೀಪಿಂಗಿನ ಅಕ್ಕಂದಿರು, ಸೆಕ್ಯುರಿಟಿ ಅಣ್ಣಂದಿರು, ಕ್ಯಾಬ್ ಡ್ರೈವರುಗಳು. ಅವರಿಗೆ ಮೇಲ್ ಕೂಡ ಬರುವುದಿಲ್ಲ. ಸೂಪರ್‌ವೈಸರ್ ಬಂದು ಇವತ್ತು ನಿಲ್ಲಬೇಕು ಅನ್ನುತ್ತಾನೆ, ಅವರು ನಿಲ್ಲುತ್ತಾರೆ. ನಾವು ಮನೆಗೆ ಹೋದ ಮೇಲೆ ಕೇಕು ಮೆತ್ತಿದ ನೆಲ ಒರೆಸಿ, ರಾತ್ರಿ ಒಂದೂವರೆಗೆ ಬಸ್ಸಿಲ್ಲದೆ ಗೇಟಿನ ಹತ್ತಿರ ಕೂತಿರುತ್ತಾರೆ. ಅವರಲ್ಲೂ ಹಬ್ಬ ಮಾಡುವವರಿದ್ದಾರೆ. ಅವರ ಮನೆಯಲ್ಲೂ ಮಕ್ಕಳು ಹೊಸ ಬಟ್ಟೆಗೆ ಕಾಯುತ್ತಿರುತ್ತಾರೆ. ಹೆಚ್ಚುವರಿ ದುಡಿಮೆಗೆ ದುಡ್ಡು ಕೊಟ್ಟರೇ ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಎಲ್ಲರಿಗಿಂತ ಹೆಚ್ಚು ಪೆಟ್ಟು ಬಿದ್ದಿರುವುದು ಇವರಿಗೇ!

ಸಣ್ಣ ಮಗು ಇರುವ ತಾಯಂದಿರ ಗೋಳು ಇನ್ನೊಂದು. ಮಗು ನೋಡಿಕೊಳ್ಳುವವರು ಸಂಜೆ ಆರಕ್ಕೆ ಹೊರಡುತ್ತಾರೆ. ಆಮೇಲೆ? ಜ್ವರ ಬಂದ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದು ನಗುತ್ತ ಫೋಟೋಗೆ ನಿಲ್ಲಬೇಕು. ನಿಲ್ಲದಿದ್ದರೆ ಮಾರ್ಚಿನಲ್ಲಿ ಅಪ್ರೈಸಲ್ ಹೊತ್ತಿಗೆ ಮಾತು ಬರುತ್ತದೆ: ನೀವು ಟೀಮಿನ ಜೊತೆ ಬೆರೆಯುವುದಿಲ್ಲ!

ವರ್ಷವಿಡೀ ಬೆರೆತಿದ್ದೇವೆ! ರಾತ್ರಿ ಪಾಳಿಯಲ್ಲಿ ಬೆರೆತಿದ್ದೇವೆ. ಭಾನುವಾರದ ಕೆಲಸದಲ್ಲಿ ಬೆರೆತಿದ್ದೇವೆ. ಒಬ್ಬರಿಗೆ ಹುಷಾರಿಲ್ಲದಾಗ ಇನ್ನೊಬ್ಬರು ಅವರ ಕೆಲಸ ಹೊತ್ತಿದ್ದೇವೆ. ನಮ್ಮ ಒಗ್ಗಟ್ಟಿಗೆ ರೆಸಾರ್ಟು ಬೇಕಾಗಿಲ್ಲ.

ಕಾನೂನು ತಿಳಿದುಕೊಳ್ಳಿ, ಹೆದರಬೇಡಿ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿದೆ. ಅದಕ್ಕಿಂತ ಹೆಚ್ಚು ದುಡಿಸಿದರೆ ದುಪ್ಪಟ್ಟು ದರದಲ್ಲಿ ಕೂಲಿ ಕೊಡಬೇಕು. ಬರಲೇಬೇಕು ಎಂದು ಆಜ್ಞೆ ಮಾಡಿದ ಮೇಲೆ ಅದು ಮೋಜಲ್ಲ, ಕೆಲಸ! ಕೆಲಸ ಅಂದ ಮೇಲೆ ಗಂಟೆ ಲೆಕ್ಕ ಹಾಕಿ, ದುಡ್ಡು ಕೊಡಿ ಎಂದು ಕೇಳೋಣ. ಇನ್ನು ಹಬ್ಬದ ರಜೆಗೂ 1963ರ ಕಾಯ್ದೆ ಇದೆ. ರಾಷ್ಟ್ರೀಯ ಹಬ್ಬ, ಮೇ 1, ರಾಜ್ಯೋತ್ಸವ ಬಿಟ್ಟು ಇನ್ನೂ ಐದು ಹಬ್ಬದ ರಜೆ ಅದರಲ್ಲಿವೆ. ರಜೆಯ ದಿನ ದುಡಿಸಿದರೆ ದುಪ್ಪಟ್ಟು ಕೂಲಿ, ಇಲ್ಲವೇ ಕೂಲಿಯ ಜೊತೆಗೆ ಬದಲಿ ರಜೆ. ನಿಮ್ಮ ಸಂಸ್ಥೆಯ ಪಟ್ಟಿಯಲ್ಲಿ ಕ್ರಿಸ್‌ಮಸ್ ಇದೆಯೇ, ಇವತ್ತೇ ನೋಡಿ. ಇಲ್ಲದಿದ್ದರೆ ಕೇಳಿ!

2024ರಲ್ಲಿ ಐಟಿ ನೌಕರರನ್ನು ದಿನಕ್ಕೆ 14 ಗಂಟೆ ದುಡಿಸುವ ಪ್ರಸ್ತಾಪ ಬಂದಾಗ ಇದೇ ಬೆಂಗಳೂರಿನ ನೌಕರರು ಬೀದಿಗಿಳಿದರು. ಗೇಟ್ ಮುಂದೆ ನಿಂತು ಕರಪತ್ರ ಹಂಚಿದವರು ನಮ್ಮಂಥವರೇ. ಅವರಿಗೂ ಮನೆ ಸಾಲ ಇತ್ತು, ಅವರಿಗೂ ಮ್ಯಾನೇಜರ್ ಇದ್ದ.

ಹಿಂದೂ ಗೆಳೆಯರೇ, ಮುಸ್ಲಿಂ ಗೆಳೆಯರೇ, ಇದು ನಮ್ಮ ಹಬ್ಬವಲ್ಲ ಎಂದು ಈ ಕಾಗದ ಕೆಳಗಿಡಬೇಡಿ! ಯುಗಾದಿಯ ಹಿಂದಿನ ದಿನ ನಿಮ್ಮನ್ನು ರಾತ್ರಿ ಹತ್ತರವರೆಗೆ ಕೂರಿಸಲಿಲ್ಲವೇ? ರಂಜಾನ್ ಉಪವಾಸದ ಸಂಜೆ ಟೀಮ್ ಡಿನ್ನರ್ ಎಂದು ಎಳೆದೊಯ್ಯಲಿಲ್ಲವೇ? ಇವತ್ತು ಅವರ ಟಿಕೆಟ್ ಹರಿದವರು ನಾಳೆ ನಿಮ್ಮ ಟಿಕೆಟ್ ಹರಿಯುತ್ತಾರೆ. ಕ್ರೈಸ್ತ ಗೆಳತಿ ಒಬ್ಬಳೇ ಹೋಗಿ ಕೇಳಿದರೆ ಅವಳ ಹೆಸರಿಗೆ ಕೆಂಪು ಗೆರೆ ಬೀಳುತ್ತದೆ. ನೀವು ನಲವತ್ತು ಜನ ಜೊತೆಗೆ ನಿಂತರೆ ಎಷ್ಟು ಹೆಸರಿಗೆ ಗೆರೆ ಎಳೆದಾರು?

ಆದ್ದರಿಂದ ಕೈಜೋಡಿಸಿ. ಒಂದು ಪತ್ರ ಬರೆಯಿರಿ. ಅರ್ಧ ಪುಟ ಸಾಕು, ಇಂಗ್ಲಿಷಿನಲ್ಲೋ ಕನ್ನಡದಲ್ಲೋ ನಿಮಗೆ ಬಂದ ಹಾಗೆ. ಡಿಸೆಂಬರ್ 20ರಿಂದ 26ರವರೆಗೆ ಯಾವ ಸಮಾರಂಭಕ್ಕೂ ಹಾಜರಿ ಕಡ್ಡಾಯ ಮಾಡಬೇಡಿ ಎಂದು ಬರೆಯಿರಿ. ಒಪ್ಪಿಗೆ ಕೊಟ್ಟ ರಜೆ ಕಿತ್ತುಕೊಳ್ಳಬೇಡಿ ಎಂದು ಬರೆಯಿರಿ. ಸಮಾರಂಭ ಬೇಕೇ ಬೇಕಾದರೆ ತಿಂಗಳ ಮೊದಲ ವಾರ, ಆಫೀಸಿನ ಹೊತ್ತಿನಲ್ಲೇ ಮಾಡಲಿ; ನಾವೂ ಸಂತೋಷದಿಂದ ಬರುತ್ತೇವೆ. ಬಾರದವರ ಅಪ್ರೈಸಲ್‌ಗೆ ಕೈ ಹಾಕಬಾರದು. ಹೌಸ್‌ಕೀಪಿಂಗ್, ಸೆಕ್ಯುರಿಟಿ, ಡ್ರೈವರುಗಳಿಗೆ ದುಪ್ಪಟ್ಟು ಕೂಲಿ, ಮನೆವರೆಗೆ ವಾಹನ. ಈ ಕೊನೆಯ ಬೇಡಿಕೆ ಮರೆಯಬೇಡಿ! ಅವರು ನಮ್ಮ ಜೊತೆ ಸಹಿ ಹಾಕಿದರೆ ಕಾಂಟ್ರಾಕ್ಟರ್ ನಾಳೆಯೇ ಬರಬೇಡ ಅನ್ನಬಹುದು. ಅವರ ಪರವಾಗಿ ನಾವೇ ಬರೆಯಬೇಕು.

ಸಹಿಗಳನ್ನು ಸುತ್ತಲೂ ವೃತ್ತದಂತೆ ಹಾಕಿ, ಮೊದಲನೆಯವರು ಯಾರೆಂದು ಯಾರಿಗೂ ಗೊತ್ತಾಗಬಾರದು. ಪತ್ರದ ಫೋಟೋ ತೆಗೆದಿಟ್ಟುಕೊಳ್ಳಿ. ಕೊಡುವಾಗ ಒಬ್ಬರೇ ಹೋಗಬೇಡಿ, ಐದಾರು ಜನ ಹೋಗಿ. ಕೊಟ್ಟದ್ದಕ್ಕೆ ಮೇಲ್‌ನಲ್ಲಿ ಉತ್ತರ ಕೇಳಿ. ಬಾಯಿಮಾತಿನ ಬೆದರಿಕೆ ಹಾಕಿದರೆ ತಾರೀಖು, ಹೊತ್ತು ಬರೆದಿಡಿ. ದುಡಿಸಿ ಕೂಲಿ ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡುವ ದಾರಿ ಇದೆ.

ಅಕ್ಕ, ಅಣ್ಣ, ಇವತ್ತು ಊಟದ ಬಿಡುವಿನಲ್ಲೇ ಶುರು ಮಾಡಿ! ಈ ಹಾಳೆಯ ಹಿಂಬದಿ ಖಾಲಿ ಬಿಟ್ಟಿದ್ದೇವೆ. ಪತ್ರ ಅಲ್ಲೇ ಬರೆಯಿರಿ, ಸಹಿ ಹಾಕಿ, ಮುಂದಿನ ಮೇಜಿಗೆ ಕೊಡಿ!

ಇಂತಿ,
ನಿಮ್ಮ ಜೊತೆ ದುಡಿಯುವವರು