ಬಿಟ್ಟರೂ ಬದುಕದ ಮೀನು

ಏಪ್ರಿಲ್ ತಿಂಗಳ ಒಂದು ಸಂಜೆ, ಒಂಬತ್ತನೇ ತರಗತಿ ಪರೀಕ್ಷೆ ಮುಗಿಸಿದ್ದ ನನ್ನ ವಿದ್ಯಾರ್ಥಿಯೊಬ್ಬ ಮನೆ ಬಾಗಿಲಿಗೆ ಬಂದು ನಿಂತ. ಬೇಸಿಗೆ ರಜೆಯಲ್ಲಿ ಮೇಷ್ಟರ ಮನೆ ಹುಡುಕಿಕೊಂಡು ಬರುವ ಹುಡುಗರು ಕಡಿಮೆ. ಮುಖ ಬಾಡಿತ್ತು.

"ಸಾ, ಮೀನು ಹಿಡ್ದು ವಾಪಸ್ ನೀರಿಗೇ ಬಿಟ್ಬುಟ್ಟೆ. ಆದ್ರೂ ಸತ್ತೋಯ್ತು. ಯಾಕೆ ಸಾ?"

ವಿಷಯ ಇಷ್ಟೆ. ಕೊಡಗಿನ ಕಾಫಿ ತೋಟವೊಂದರಲ್ಲಿ ಕೆಲಸಕ್ಕಿರುವ ಅವನ ಸೋದರಮಾವ ಒಂದು ಹಳೆಯ ಗಾಳದ ಕೋಲು ಕೊಟ್ಟಿದ್ದರು. ಅದು ನಮ್ಮ ಕಡೆಯ ಬಿದಿರ ಕೋಲಲ್ಲ, ನೊಣದ ಗಾಳ. ಇದಕ್ಕೆ ಎರೆಹುಳುವೂ ಬೇಡ, ರಾಗಿಹಿಟ್ಟಿನ ಉಂಡೆಯೂ ಬೇಡ. ಸಣ್ಣ ಕೊಕ್ಕೆಗೆ ಕೋಳಿಪುಕ್ಕವನ್ನು ದಾರದಿಂದ ಸುತ್ತಿ ಹುಳುವಿನ ರೂಪ ಕೊಡುತ್ತಾರೆ. ಕೊಕ್ಕೆಗೆ ಭಾರವೇ ಇಲ್ಲದ್ದರಿಂದ ದಪ್ಪ ದಾರವನ್ನು ಚಾಟಿಯಂತೆ ಬೀಸಿ ಅದನ್ನು ನೀರ ಮೇಲೆ ಇಳಿಸುತ್ತಾರೆ. ನಿಜವಾದ ಹುಳುವೆಂದು ಮೀನು ಬಾಯಿ ಹಾಕುತ್ತದೆ. ವಾಲ್ನೂರಿನ ಬಳಿ ಕಾವೇರಿಯಲ್ಲಿ ಗಾಳ ಹಾಕುವವರು ಮಹಸೀರ್ ಮೀನನ್ನು ಹಿಡಿದು, ತೂಗಿ, ಮತ್ತೆ ಹೊಳೆಗೆ ಬಿಡುವುದನ್ನು ಮಾವ ಕಂಡಿದ್ದರು. ನೀನೂ ಹಾಗೆಯೇ ಮಾಡು ಎಂದು ಹೇಳಿಯೂ ಇದ್ದರು. ಹುಡುಗ ಮಾತು ಮೀರಿರಲಿಲ್ಲ. ಹುಣಸೂರಿನ ಹತ್ತಿರ ಲಕ್ಷ್ಮಣತೀರ್ಥದ ಒಂದು ಗುಂಡಿಯಲ್ಲಿ ಮಧ್ಯಾಹ್ನ ಎರಡರ ಹೊತ್ತಿಗೆ ಗೇಣುದ್ದದ ಮೀನೊಂದು ಸಿಕ್ಕಿತು. ಸಾಕಷ್ಟು ಹೊತ್ತು ಆಡಿಸಿ ಎಳೆದ, ಎತ್ತಿ ತಂಗಿಗೆ ತೋರಿಸಿದ, ಬಿಟ್ಟ. ಅದು ಸ್ವಲ್ಪ ದೂರ ಹೋಗಿ ಹೊಟ್ಟೆ ಮೇಲಾಗಿ ತೇಲಿತು.

ಮರುದಿನ ಶಾಲೆಯ ಉಷ್ಣಮಾಪಕ ಹಿಡಿದು ಇಬ್ಬರೂ ಅದೇ ಜಾಗಕ್ಕೆ ಹೋದೆವು. ಬೆಳಿಗ್ಗೆ ಆರೂವರೆಗೆ ನೀರು 25 ಡಿಗ್ರಿ ಇತ್ತು. ಮಧ್ಯಾಹ್ನ ಎರಡಕ್ಕೆ ಅದೇ ಗುಂಡಿ 32 ಡಿಗ್ರಿ ತೋರಿಸಿತು. ಉತ್ತರ ಅಲ್ಲೇ ಇತ್ತು.

ವಿದ್ಯಾರ್ಥಿ ಮಿತ್ರರೇ, ಒಂದು ಗಾಜಿನ ಲೋಟದಲ್ಲಿ ತಣ್ಣನೆಯ ಬಾವಿನೀರು ತುಂಬಿ ಬಿಸಿಲಿಗಿಡಿ. ಸ್ವಲ್ಪ ಹೊತ್ತಿಗೆ ಒಳಗೋಡೆಗೆ ಸಣ್ಣ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಅದು ನೀರಿನಲ್ಲಿ ಕರಗಿದ್ದ ಗಾಳಿ. ಬಿಸಿಯಾದಂತೆ ಸಕ್ಕರೆ ಹೆಚ್ಚು ಕರಗುತ್ತದೆ, ಆದರೆ ಗಾಳಿ ಕಡಿಮೆ ಕರಗುತ್ತದೆ. 10 ಡಿಗ್ರಿಯ ಒಂದು ಲೀಟರ್ ಶುದ್ಧ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. 20 ಡಿಗ್ರಿಯಲ್ಲಿ ಅದು ಸುಮಾರು 9, 30 ಡಿಗ್ರಿಯಲ್ಲಿ ಸುಮಾರು 7.5. ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇದೆ. ಹೋಲಿಸಿ ನೋಡಿ, ಮೀನಿನ ಬಾಳು ಎಷ್ಟು ಬಿಗಿಯೆಂಬುದು ತಿಳಿಯುತ್ತದೆ.

ಇದು ಆದಾಯದ ಲೆಕ್ಕ. ಖರ್ಚಿನ ಕಡೆಗೂ ನೋಡಬೇಕು. ಮೀನು ಶೀತರಕ್ತ ಪ್ರಾಣಿ; ನೀರು ಬಿಸಿಯಾದಂತೆ ಅದರ ಮೈಯೂ ಬಿಸಿಯಾಗುತ್ತದೆ. ನೀರಿನ ಉಷ್ಣತೆ 10 ಡಿಗ್ರಿ ಏರಿದರೆ ಮೀನಿಗೆ ಬೇಕಾಗುವ ಆಮ್ಲಜನಕ ಸುಮಾರು ಎರಡು ಪಟ್ಟಾಗುತ್ತದೆ. ಆದಾಯ ಇಳಿಯುವಾಗಲೇ ಖರ್ಚು ಏರಿತು! ಅಂಥ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕ ಮೀನು ಪ್ರಾಣಭಯದಿಂದ ಎಳೆದಾಡುತ್ತದೆ, ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಓಟದ ಸ್ಪರ್ಧೆ ಮುಗಿಸಿ ಏದುಸಿರು ಬಿಡುತ್ತಿರುವ ಹುಡುಗನ ಮೂಗು ಬಾಯಿ ಮುಚ್ಚಿದರೆ ಹೇಗೋ, ಆ ಮೀನನ್ನು ನೀರಿನಿಂದ ಮೇಲೆತ್ತಿ ಹಿಡಿಯುವುದೂ ಹಾಗೆಯೇ.

ನೊಣದ ಗಾಳ ಬೆಳೆದದ್ದು ಚಳಿನಾಡಿನ ಟ್ರೌಟ್ ಮೀನಿಗಾಗಿ. ಅಲ್ಲಿನವರು ನೀರು 20 ಡಿಗ್ರಿ ಮುಟ್ಟಿದರೆ ಕೋಲು ಮಡಿಚಿಡುವುದುಂಟು. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ನದಿ ಮೂರು ದಿನ ಸತತವಾಗಿ ಸುಮಾರು 23 ಡಿಗ್ರಿಗೆ ಏರಿದರೆ, ಮಧ್ಯಾಹ್ನ ಎರಡರಿಂದ ಮಧ್ಯರಾತ್ರಿಯವರೆಗೆ ಗಾಳ ಹಾಕುವುದನ್ನು ನಿಲ್ಲಿಸುವ ಕ್ರಮವಿದೆ. ನಮ್ಮ ಮೀನುಗಳು ಬಿಸಿಲಿಗೆ ಒಗ್ಗಿದವು, ಆ ಅಂಕಿ ಇಲ್ಲಿಗೆ ಹೊಂದದು. ಆದರೆ ನಿಯಮದ ಹಿಂದಿನ ವಿಜ್ಞಾನ ಒಂದೇ.

ಹಾಗಾದರೆ ಬೆಳಗಿನ ಜಾವ ಗಾಳ ಹಾಕಬಹುದೇ? ಹುಡುಗನೂ ಇದನ್ನೇ ಕೇಳಿದ. ಹರಿಯುವ ನೀರಾದರೆ ಸರಿ. ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಯಿಂದ ಬಂಡೆಗೆ ಧುಮುಕುವಾಗ ನೊರೆಯಾಗಿ ಗಾಳಿಯನ್ನು ತನ್ನೊಳಗೆ ಬೆರೆಸಿಕೊಳ್ಳುತ್ತದೆ. ಆದರೆ ಪಾಚಿಗಟ್ಟಿ ಹಸಿರಾದ ನಿಂತ ಗುಂಡಿಯಲ್ಲಿ ಲೆಕ್ಕ ತಿರುಗುಮುರುಗು. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ತಾನೇ ಉಸಿರಾಡಿ ಅದನ್ನು ಖರ್ಚು ಮಾಡುತ್ತದೆ. ಹೀಗಾಗಿ ಅಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯೋದಯಕ್ಕೆ ಮುಂಚೆ. ಆ ಹೊತ್ತಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದನ್ನು ನೋಡಿ ಕೆಲವರು "ಮೀನು ಹಸಿದಿದೆ" ಎನ್ನುತ್ತಾರೆ. ಅದು ಹಸಿವಲ್ಲ, ಉಬ್ಬಸ.

ಇರುಪ್ಪಿನ ಜಲಪಾತದಿಂದ ಇಳಿದು ಬರುವ ಲಕ್ಷ್ಮಣತೀರ್ಥ ಬೇಸಿಗೆಯಲ್ಲಿ ಗುಂಡಿಗುಂಡಿಯಾಗಿ ಒಡೆಯುತ್ತದೆ. ಮಳೆ ಬರುವವರೆಗೆ ಮೀನಿಗೆ ಆ ಗುಂಡಿಯೇ ಮನೆ. ಬಿಟ್ಟು ಓಡಲು ದಾರಿಯಿಲ್ಲ. ಊರಿನ ಕೊಳಚೆ ಸೇರಿದರೆ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳೂ ಅದೇ ಆಮ್ಲಜನಕಕ್ಕೆ ಪಾಲುದಾರರು. ಜೂನ್‌ನಲ್ಲಿ ಹೊಸ ನೀರು ಬಂದಾಗ ಇಡೀ ಹೊಳೆಗೆ ಮರಿ ತುಂಬಬೇಕಾದದ್ದು ಈ ಗುಂಡಿಗಳಲ್ಲಿ ಉಳಿದ ಮೀನುಗಳೇ. ಬೇಸಿಗೆಯಲ್ಲಿ ಇಲ್ಲಿ ಹಿಡಿಯುವುದೆಂದರೆ ಬಿತ್ತನೆ ಬೀಜ ಹುರಿದು ತಿಂದಂತೆ. ವಿಷ ಹಾಕುವವರ ವಿಷಯವಂತೂ ಹೇಳುವುದೇ ಬೇಡ.

ಇದು ಸಣ್ಣ ಮೀನಿನ ಮಾತಷ್ಟೇ ಅಲ್ಲ. 1946ರ ಮಾರ್ಚ್‌ನಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಸೀರ್ ಹಿಡಿದು ದಾಖಲೆ ಮಾಡಿದರು. ಎಚ್.ಡಿ. ಕೋಟೆಯವರ ಕಬಿನಿ ಅಂಥ ಮೀನನ್ನು ಸಾಕಿತ್ತು! ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಸೀರ್ ಇಂದು ಅಳಿವಿನ ತೀವ್ರ ಅಂಚಿನಲ್ಲಿದೆ ಎಂದು 2018ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಸೇರಿಸಲಾಯಿತು. ಪಿರಿಯಾಪಟ್ಟಣದಿಂದ ದೂರವೇನಲ್ಲದ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳು ದೇವರ ಮೀನುಗಳೆಂಬ ಕಾರಣಕ್ಕೆ ನಿರ್ಭಯವಾಗಿವೆ. ನಮ್ಮ ಹಿರಿಯರು ಭಕ್ತಿಯಿಂದ ಹಾಕಿದ ಬೇಲಿಯನ್ನು ನಾವು ತಿಳಿವಳಿಕೆಯಿಂದ ಹಾಕಬೇಕಾಗಿದೆ.

ಮಕ್ಕಳಿಗೆ ಗಾಳದ ಆಸೆ ಇದ್ದರೆ ಪೋಷಕರು ಬೈಯಬೇಕಾಗಿಲ್ಲ. ಹೊಳೆಯನ್ನು ಗಮನಿಸಲು ಅದೂ ಒಂದು ದಾರಿ. ಆದರೆ ಒಬ್ಬರನ್ನೇ ಕಳಿಸಬೇಡಿ. ಮರಳು ತೆಗೆದ ಗುಂಡಿಯ ಆಳ ಮೇಲಿನಿಂದ ಕಾಣದು. ಅನುಮತಿ ಬೇಕೇ ಎಂದು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಅಭಯಾರಣ್ಯದ ನೀರಿಗಂತೂ ಹೋಗಲೇಬೇಡಿ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. ಮೀನನ್ನು ಬೇಗ ಎಳೆದು, ಕೈ ಒದ್ದೆ ಮಾಡಿಕೊಂಡು, ನೀರಿನೊಳಗೇ ಬಿಡಿಸಿ. ಮೇಲೆತ್ತಲೇಬೇಕಾದರೆ ನೀವೂ ಉಸಿರು ಬಿಗಿಹಿಡಿಯಿರಿ. ನಿಮಗೆ ಕಷ್ಟವಾಗುವ ಮೊದಲೇ ಅದನ್ನು ನೀರಿಗೆ ಬಿಡಿ.

ಬಿಟ್ಟದ್ದು ಒಳ್ಳೆಯ ಮನಸ್ಸು. ಆದರೆ ಒಳ್ಳೆಯ ಮನಸ್ಸಿಗೆ ಒಂದು ಉಷ್ಣಮಾಪಕವೂ ಬೇಕು ಎಂದು ಹುಡುಗನಿಗೆ ಹೇಳಿದೆ. ಅವನು ಕೋಲನ್ನು ಅಟ್ಟಕ್ಕೇರಿಸಿದ್ದಾನೆ. ದೀಪಾವಳಿ ಕಳೆದು ಹೊಳೆ ತಿಳಿಯಾದ ಮೇಲೆ ಇಳಿಸುತ್ತಾನಂತೆ. ಅಲ್ಲಿಯವರೆಗೆ ದಿನಕ್ಕೆರಡು ಸಲ ಗುಂಡಿಯ ನೀರಿನ ಉಷ್ಣತೆ ಬರೆದಿಡುತ್ತಿದ್ದಾನೆ. ಮೊನ್ನೆ ನೋಟ್ ಪುಸ್ತಕ ತಂದು ತೋರಿಸಿದ. ಮೊದಲ ಪುಟದಲ್ಲಿ ಆ ದಿನದ ತಾರೀಖು ಹಾಕಿ, ಕೆಳಗೆ "ಒಂದು ಮೀನು" ಎಂದಷ್ಟೇ ಬರೆದಿದ್ದ.