ಕಿಮೋನೋ ತೊಟ್ಟ ಮೇಷ್ಟರು

ಪರದೇಶಕ್ಕೆ ಹೋದವನ ಕಣ್ಣಿಗೆ ಮೊದಲು ಬೀಳುವುದು ಅಲ್ಲಿಯವರ ಉಡುಗೆ. ಭಾಷೆ ಕೈವಶವಾಗಲು ವರುಷಗಳು ಬೇಕು. ಊಟ ಒಗ್ಗಲು ತಿಂಗಳುಗಳು ಬೇಕು. ಉಡುಪಾದರೋ ಹಡಗಿನಿಂದ ಇಳಿದ ಕ್ಷಣದಲ್ಲಿಯೇ ಎದುರಿಗೆ ಬಂದು ನಿಲ್ಲುತ್ತದೆ. ಪ್ರವಾಸ ಕಥನಗಳಲ್ಲಿ ಪರರ ಉಡುಪಿನ ವರ್ಣನೆಗೆ ಬರವಿಲ್ಲದಿರುವುದು ಇದರಿಂದಲೇ. ಆದರೆ ಕಂಡು ಬೆರಗಾದ ಉಡುಪನ್ನು ತಾನೇ ತೊಟ್ಟು, ಆ ನಾಡಿನ ಮನೆಯೊಂದಕ್ಕೆ ಅಳಿಯನಾಗಿ, ಅಲ್ಲಿಯೇ ಕೊನೆಯುಸಿರೆಳೆದವರು ವಿರಳ. ಅಂಥ ವಿರಳರಲ್ಲೊಬ್ಬನು ಲಾಫ್ಕಾಡಿಯೋ ಹರ್ನ್.

ಈತನನ್ನು ಯಾವ ದೇಶದವನೆಂದು ಹೇಳುವುದೇ ಕಷ್ಟ. ತಾಯಿ ಗ್ರೀಕಳು, ತಂದೆ ಬ್ರಿಟಿಷ್ ಸೈನ್ಯದಲ್ಲಿ ವೈದ್ಯನಾಗಿದ್ದ ಐರಿಷ್ ಗೃಹಸ್ಥನು. 1850ರಲ್ಲಿ ಗ್ರೀಸಿನ ಲೆಫ್ಕಾಡಾ ದ್ವೀಪದಲ್ಲಿ ಹುಟ್ಟಿದ ಮಗುವಿಗೆ ಆ ದ್ವೀಪದ ಹೆಸರೇ ಬಂದಿತು. ತಂದೆತಾಯಿಗಳು ಬೇರೆಯಾದ ಮೇಲೆ ಡಬ್ಲಿನ್ ನಗರದಲ್ಲಿ ದೂರದ ಅಜ್ಜಿಯೊಬ್ಬಳ ಆಶ್ರಯದಲ್ಲಿ ಬೆಳೆದನು. ಶಾಲೆಯಲ್ಲಿದ್ದಾಗ ಎಡಗಣ್ಣು ಕುರುಡಾಯಿತು. ಉಳಿದ ಕಣ್ಣಿಗೂ ದೂರದ ವಸ್ತು ಸರಿಯಾಗಿ ಕಾಣದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬರಿಗೈಯಲ್ಲಿ ಅಮೆರಿಕೆಗೆ ಹೋಗಿ, ಸಿನ್ಸಿನಾಟಿಯಲ್ಲಿಯೂ ನ್ಯೂ ಆರ್ಲಿಯನ್ಸ್‌ನಲ್ಲಿಯೂ ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದುಕೊಂಡನು. 1890ರ ಏಪ್ರಿಲ್ ತಿಂಗಳಲ್ಲಿ ಯೊಕೊಹಾಮಾ ಬಂದರಿಗೆ ಬಂದಿಳಿದಾಗ ಆತನಿಗೆ ನಲವತ್ತು ತುಂಬಲು ಮೂರು ತಿಂಗಳಿಗೂ ಕಡಿಮೆ ಉಳಿದಿತ್ತು.

ರಿಕ್ಷಾ ಏರಿ ಊರು ಸುತ್ತಿದ ಮೊದಲನೆಯ ದಿನವೇ ಹರ್ನನು ಗುರುತಿಸಿದ್ದು ಒಂದು ಬಣ್ಣವನ್ನು. ಅಂಗಡಿಯ ಬಾಗಿಲಿಗೆ ಇಳಿಬಿಟ್ಟ ಬಟ್ಟೆ ನೀಲಿ, ದಾರಿಹೋಕರ ಉಡುಪು ನೀಲಿ, ಕೂಲಿಕಾರನ ಅಂಗಿಯೂ ನೀಲಿ. ಆ ಅಂಗಿಯ ಬೆನ್ನಿನ ಮೇಲೆ ದೊಡ್ಡ ದೊಡ್ಡ ಅಕ್ಷರಗಳು. ಯಾರ ಅಂಗಡಿಯ ಆಳು, ಯಾವ ಕಸಬಿನವನು ಎಂಬುದನ್ನು ಬೆನ್ನನ್ನು ಓದಿಯೇ ತಿಳಿಯಬಹುದು. ಇನ್ನು ಮರದ ಪಾದರಕ್ಷೆಗಳು. ‘ಗೆತಾ’ ಎಂಬ ಈ ಮೆಟ್ಟುಗಳು ನಮ್ಮ ಹಿರಿಯರ ಹಾವುಗೆಗಳಿಗೆ ದೂರದ ನೆಂಟರು. ನಡೆಯುವಾಗ ಬಲಗಾಲಿನದು ಒಂದು ಸ್ವರ, ಎಡಗಾಲಿನದು ಇನ್ನೊಂದು ಸ್ವರ. ಗುಂಪು ನಡೆದರೆ ಅದೊಂದು ವಾದ್ಯಮೇಳ. ಅರೆಗಣ್ಣಿನ ಮನುಷ್ಯನು ಕಿವಿಯಿಂದಲೂ ನೋಡುವುದನ್ನು ಕಲಿತಿದ್ದನು!

ಅದೇ ವರುಷ ಆಗಸ್ಟ್ ತಿಂಗಳಲ್ಲಿ ಪಶ್ಚಿಮ ತೀರದ ಮಾತ್ಸುಯೆ ಎಂಬ ಹಳೆಯ ಕೋಟೆಯ ಊರಿನ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟರ ಕೆಲಸ ದೊರೆಯಿತು. ಒಪ್ಪಂದ ಒಂದು ವರುಷದ್ದು. ಸಂಬಳ ತಿಂಗಳಿಗೆ 100 ಯೆನ್. ಆ ಊರಿನ ಬೆಳಗನ್ನು ಹರ್ನನು ಸದ್ದುಗಳ ಸಾಲಾಗಿ ಬಣ್ಣಿಸಿದ್ದಾನೆ: ಮೊದಲು ಭತ್ತ ಕುಟ್ಟುವ ಒನಕೆಯ ಏಟು, ನೆಲದ ಎದೆ ಬಡಿದಂತೆ, ಆಮೇಲೆ ದೇವಾಲಯದ ಗಂಟೆ, ಆಮೇಲೆ ಹೊಳೆಯ ದಡದಲ್ಲಿ ಮುಖ ತೊಳೆದು, ಉದಯಸೂರ್ಯನಿಗೆ ಚಪ್ಪಾಳೆ ತಟ್ಟಿ ನಮಿಸುವವರ ಕೈಸದ್ದು, ಕೊನೆಗೆ ಸೇತುವೆಯ ಮೇಲೆ ಸಾವಿರಾರು ಗೆತಾಗಳ ಟಕಟಕ.

ಕೆಲಸಕ್ಕೆ ಸೇರುವ ಮುನ್ನ ಪ್ರಾಂತದ ಗವರ್ನರನ್ನು ಕಾಣಬೇಕಾಗಿತ್ತು. ಗವರ್ನರ್ ಕೊತೆದಾ ಅವರು ಅಗಲವಾದ ರೇಷ್ಮೆಯ ಹಕಾಮಾ, ಮನೆತನದ ಲಾಂಛನ ಧರಿಸಿದ ನಿಲುವಂಗಿ ತೊಟ್ಟು ಗಾಂಭೀರ್ಯದಿಂದ ಕುಳಿತಿದ್ದರು. ಹೊಸ ಮೇಷ್ಟರು ತೊಟ್ಟಿದ್ದುದು ಸಾಮಾನ್ಯವಾದ ಪಾಶ್ಚಾತ್ಯ ಉಡುಪು. ಆ ಸಭೆಯಲ್ಲಿ ತನ್ನ ಉಡುಪಿನ ಬಗ್ಗೆ ತನಗೇ ನಾಚಿಕೆಯಾಯಿತೆಂದು ಹರ್ನನು ಬರೆದಿದ್ದಾನೆ. ಯುರೋಪಿನ ಕೋಟು ಧರಿಸಿ ಏಷ್ಯಾದವರೆದುರು ನಾಚಿದ ಬರೆಹಗಾರರು ಆ ಶತಮಾನದಲ್ಲಿ ಎಷ್ಟು ಮಂದಿ ಸಿಕ್ಕಾರು?

ಕಿಮೋನೋದ ಸೊಗಸು ಅದರ ಸರಳತೆಯಲ್ಲಿದೆ. ನಮ್ಮ ಜವಳಿ ಅಂಗಡಿಯವರು ಬಟ್ಟೆಯ ‘ತಾನು’ ಎನ್ನುವಂತೆ ಅಲ್ಲಿಯೂ ‘ತಾನ್’ ಎಂಬ ಅಳತೆಯುಂಟು; ಎರಡು ಮಾತುಗಳಿಗೂ ನಂಟಿರಬೇಕೆಂದೇನೂ ಇಲ್ಲ. ಈ ತಾನ್ ಸುಮಾರು 12 ಮೀಟರು ಉದ್ದ, 36 ಸೆಂಟಿಮೀಟರು ಅಗಲ. ಅದನ್ನು ಎಂಟು ನೇರ ತುಂಡುಗಳಾಗಿ ಕತ್ತರಿಸಿ ಹೊಲಿದರೆ ಉಡುಪು ಸಿದ್ಧ. ಕತ್ತರಿ ಓರೆಯಾಗಿ ಓಡುವುದಿಲ್ಲ. ಬಟ್ಟೆಯ ಚೂರು ಕಸಕ್ಕೆ ಹೋಗುವುದಿಲ್ಲ. ಉದ್ದಗಿಡ್ಡಗಳನ್ನು ಮಡಿಕೆಯಿಂದಲೂ ಸೊಂಟದ ‘ಓಬಿ’ ಪಟ್ಟಿಯಿಂದಲೂ ಸರಿಪಡಿಸಿಕೊಳ್ಳುವರು. ಒಳ್ಳೆಯ ಕಿಮೋನೋ ಕೊಳೆಯಾದರೆ ಹೊಲಿಗೆ ಬಿಚ್ಚಿ, ತುಂಡುಗಳನ್ನು ಬೇರೆಬೇರೆಯಾಗಿ ಒಗೆದು, ಗಂಜಿ ಹಾಕಿ, ಹಲಗೆಯ ಮೇಲೆ ಬಿಗಿದು ಒಣಗಿಸಿ, ಮತ್ತೆ ಹೊಲಿಯುತ್ತಿದ್ದರು. ಹೀಗಾಗಿ ತಾಯಿಯದು ಮಗಳಿಗೆ, ದೊಡ್ಡವರದು ಚಿಕ್ಕವರಿಗೆ ಬರುವುದು ಸುಲಭವಾಗಿತ್ತು. ಅಜ್ಜಿಯ ಸೀರೆಯಲ್ಲಿ ಮೊಮ್ಮಗಳಿಗೆ ಲಂಗ ಹೊಲಿಸಿದ ಗೃಹಿಣಿಯರಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ.

ಉಡುಪಿಗೂ ಒಂದು ವ್ಯಾಕರಣವುಂಟು. ಎಡದ ಅಂಚು ಬಲದ ಮೇಲೆ ಬರಬೇಕು. ಬಲದ ಅಂಚು ಮೇಲೆ ಬಂದರೆ ಅದು ಶವಕ್ಕೆ ತೊಡಿಸುವ ಕ್ರಮ. ನೆಲಕ್ಕಿಳಿಯುವಂಥ ಉದ್ದ ತೋಳು ಮದುವೆಯಾಗದ ಹೆಣ್ಣಿನ ಗುರುತು. ಮದುವೆಯಾದ ಮೇಲೆ ತೋಳು ಗಿಡ್ಡವಾಗುವುದು, ವಯಸ್ಸು ಏರಿದಂತೆ ಬಣ್ಣ ತಣ್ಣಗಾಗುವುದು. ಪರಕೀಯನ ಕಣ್ಣಿಗೆ ಬರಿಯ ಅಲಂಕಾರವಾಗಿ ಕಾಣುವುದು ಊರಿನವರ ಪಾಲಿಗೆ ಓದಬಲ್ಲ ಬರೆಹ.

ಮುಖದ ಭಾವಕ್ಕೂ ಇಂಥದೇ ವ್ಯಾಕರಣವಿದೆಯೆಂಬುದನ್ನು ಹರ್ನನು ಜಪಾನೀಯರ ನಗೆಯನ್ನು ಕುರಿತ ಪ್ರಬಂಧದಲ್ಲಿ ತೋರಿಸಿಕೊಟ್ಟನು. ಯೊಕೊಹಾಮಾದ ವಿದೇಶೀ ಮಹಿಳೆಯೊಬ್ಬಳ ಮನೆಯ ದಾದಿಯು ನಗುನಗುತ್ತ ಬಂದು, ಗಂಡನು ತೀರಿಕೊಂಡನೆಂದು ತಿಳಿಸಿ, ಅಂತ್ಯಕ್ರಿಯೆಗೆ ಅಪ್ಪಣೆ ಬೇಡಿದಳು. ಸಂಜೆ ಮರಳಿ ಬಂದು ಬೂದಿಯ ಪಾತ್ರೆಯನ್ನು ತೋರಿಸಿ, ‘ಇದೇ ನನ್ನ ಗಂಡ’ ಎಂದು ಮತ್ತೆ ನಕ್ಕಳು. ಯಜಮಾನಿಗೆ ಅಸಹ್ಯವಾಯಿತು, ಈ ಜನಕ್ಕೆ ಹೃದಯವೇ ಇಲ್ಲವೆಂದು ತೋರಿತು. ಹರ್ನನು ಬೇರೆ ಅರ್ಥ ಕಂಡನು. ತನ್ನ ದುಃಖವನ್ನು ಇನ್ನೊಬ್ಬರ ಮೇಲೆ ಹೊರಿಸುವುದು ಅಲ್ಲಿಯ ಸಭ್ಯತೆಗೆ ಸಲ್ಲದು. ‘ನನ್ನ ನಷ್ಟ ನಿಮ್ಮ ಮನಸ್ಸನ್ನು ಕೆಡಿಸದಿರಲಿ’ ಎಂಬುದೇ ಆ ನಗೆಯ ತಾತ್ಪರ್ಯ. ಬಾಲ್ಯದಿಂದ ಕಲಿತ ಆ ನಗೆ ಮುಖಕ್ಕೆ ಉಡಿಸಿದ ಮಡಿಬಟ್ಟೆ. ಅದರ ಹಿಂದೆ ಅಳುವ ಹೆಣ್ಣೊಬ್ಬಳಿದ್ದಳೆಂಬುದು ಯಜಮಾನಿಗೆ ಹೊಳೆಯಲಿಲ್ಲ.

ಆದರೆ ಪರದೇಶವು ಪ್ರೀತಿಸಿದವನನ್ನೂ ಪರೀಕ್ಷಿಸದೆ ಬಿಡದು. ಮಾತ್ಸುಯೆಯಲ್ಲಿ ಮೊದಲ ಚಳಿಗಾಲ ಭೀಕರವಾಗಿ ಬಂದಿತು. ಕಾಗದದ ಬಾಗಿಲುಗಳ ಮನೆ, ಹೊರಗೆ ಹಿಮ, ಒಳಗೆ ಕೆಂಡದ ಮಡಕೆಯೊಂದೇ ಗತಿ. ಹರ್ನನು ಹಾಸಿಗೆ ಹಿಡಿದನು. 1891ರ ಆರಂಭದಲ್ಲಿ ಆತನ ಮನೆಯ ಆರೈಕೆಗೆ ಬಂದವಳು ಕೊಯಿಝುಮಿ ಸೆಟ್ಸು. ಈಕೆಯೇ ಮುಂದೆ ಆತನ ಮಡದಿಯಾದಳು.

ಸೆಟ್ಸು ಹುಟ್ಟಿದ್ದು 1868ರಲ್ಲಿ, ಹಳೆಯ ಜಪಾನು ಮುಗಿದು ಮೈಜಿ ಯುಗ ಆರಂಭವಾದ ವರುಷದಲ್ಲಿ. ಆಕೆಯದು ಸಮುರಾಯಿ ಮನೆತನ. ಸಮುರಾಯಿಗಳ ವಂಶಪಾರಂಪರ್ಯ ವೇತನವನ್ನು 1876ರಲ್ಲಿ ಸರ್ಕಾರವು ರದ್ದುಗೊಳಿಸಿತು. ಅದೇ ವರುಷ ಕತ್ತಿ ಧರಿಸುವುದೂ ನಿಷಿದ್ಧವಾಯಿತು. ದೊಡ್ಡ ಮನೆಗಳು ಬಡವಾದವು. ಬಾಲ್ಯದಲ್ಲಿಯೇ ಸೆಟ್ಸು ಮಗ್ಗದ ಮುಂದೆ ಕುಳಿತು ನೇಯ್ದು ಮನೆಗೆ ನೆರವಾಗಬೇಕಾಯಿತು. ಗಂಡನು ಕಣ್ಣಿನಿಂದ ಮೆಚ್ಚಿದ ಬಟ್ಟೆಯನ್ನು ಆಕೆ ಬೆರಳಿನಿಂದ ಬಲ್ಲವಳು. ಆತನು ಬರೆದ ಚೆಲುವಾದ ಹಳೆಯ ಜಪಾನಿನ ಮಗ್ಗುಲಲ್ಲಿ, ಆ ಚೆಲುವನ್ನು ನೇಯ್ದು ಬೆನ್ನು ಬಾಗಿಸಿಕೊಂಡ ಹುಡುಗಿಯನ್ನೂ ಓದುಗನು ನೆನೆಯಬೇಕು.

ದಂಪತಿಗಳಿಗೆ ಪೂರ್ಣವಾದ ಭಾಷೆಯೊಂದಿರಲಿಲ್ಲ. ವಿಭಕ್ತಿಯಿಲ್ಲದ, ಕ್ರಿಯಾಪದ ಬಾಗದ, ಮುರುಕು ಜಪಾನಿಯಲ್ಲಿ ಸಂಸಾರ ಸಾಗಿತು. ಆ ಮುರುಕು ಭಾಷೆಯಲ್ಲಿಯೇ ಸೆಟ್ಸು ದೆವ್ವದ ಕಥೆಗಳನ್ನು ಹೇಳಿದಳು. ಪುಸ್ತಕ ನೋಡಿ ಓದಬಾರದು, ನಿನ್ನ ಮಾತಿನಲ್ಲಿಯೇ ಹೇಳಬೇಕು ಎಂಬುದು ಗಂಡನ ಹಟ. 1904ರಲ್ಲಿ ಪ್ರಕಟವಾದ ‘ಕ್ವೈದಾನ್’ ಹೀಗೆ ಹುಟ್ಟಿತು. ಮನೆಗೆ ಬಂದೊಡನೆ ಹರ್ನನು ಕೋಟು ಕಳಚಿ ಜಪಾನೀ ಉಡುಪು ಧರಿಸುತ್ತಿದ್ದನು; ಔಪಚಾರಿಕವಾದ ಪಾಶ್ಚಾತ್ಯ ಪೋಷಾಕು ಆತನಿಗೆ ಬೇಡವಾಗಿತ್ತು ಎಂಬುದನ್ನು ಸೆಟ್ಸು ತನ್ನ ನೆನಪುಗಳಲ್ಲಿ ದಾಖಲಿಸಿದ್ದಾಳೆ.

ವಿಪರ್ಯಾಸವೆಂದರೆ, ಈತನು ಕಿಮೋನೋ ತೊಡುತ್ತಿದ್ದಾಗ ಜಪಾನು ಅದನ್ನು ಕಳಚುತ್ತಲಿತ್ತು. 1871ರಲ್ಲಿ ಜುಟ್ಟು ತೆಗೆಯಲು ಅನುಮತಿ ಬಂದಿತು. 1872ರಲ್ಲಿ ಸರ್ಕಾರಿ ಸಮಾರಂಭಗಳಿಗೆ ಪಾಶ್ಚಾತ್ಯ ಉಡುಪು ವಿಧಿಯಾಯಿತು. ಚಕ್ರವರ್ತಿಯೇ ಸೇನಾಧಿಕಾರಿಯ ಸಮವಸ್ತ್ರದಲ್ಲಿ ಛಾಯಾಚಿತ್ರಕ್ಕೆ ಕುಳಿತನು. ಇದನ್ನು ಬರಿಯ ಅನುಕರಣೆಯೆಂದು ಹಳಿಯುವುದು ಸುಲಭ. ಪಾಶ್ಚಾತ್ಯರ ಅಸಮಾನ ಒಪ್ಪಂದಗಳಿಂದ ಬಿಡಿಸಿಕೊಳ್ಳಬೇಕಾಗಿದ್ದ ದೇಶವು ಅವರ ಸಮಕ್ಕೆ ನಿಂತು ಕಾಣಿಸಿಕೊಳ್ಳಲು ಬಯಸಿತ್ತು. ಕೋಟು ಆಗ ಒಂದು ರಾಜತಂತ್ರ. ಹೊರಗಿನಿಂದ ಬಂದವನಿಗೆ ಹಳೆಯದನ್ನು ಪ್ರೀತಿಸುವ ಬಿಡುವು ಇತ್ತು. ಒಳಗಿನವರಿಗೆ ಅಷ್ಟು ಬಿಡುವಿರಲಿಲ್ಲ.

ಉಡುಪು ಬದಲಾಯಿಸುವುದು ಸುಲಭ, ಪ್ರಜೆಯಾಗುವುದು ಕಠಿಣ. 1873ರ ಕಾನೂನಿನಂತೆ ವಿದೇಶೀಯನನ್ನು ವರಿಸಿದ ಜಪಾನೀ ಹೆಣ್ಣು ತನ್ನ ಪೌರತ್ವವನ್ನು ಕಳೆದುಕೊಳ್ಳುತ್ತಿದ್ದಳು. 1893ರಲ್ಲಿ ಹಿರಿಯ ಮಗ ಕಾಝುವೊ ಹುಟ್ಟಿದ ಮೇಲೆ ತಂದೆಯ ಚಿಂತೆ ಹೆಚ್ಚಿತು: ನಾಳೆ ತಾನಿಲ್ಲವಾದರೆ ಇವರ ಗತಿಯೇನು? ಜಪಾನಿನ ಪ್ರಜೆಯಾದರೆ ವಿದೇಶೀ ಅಧ್ಯಾಪಕರಿಗೆ ಸಲ್ಲುವ ಹೆಚ್ಚಿನ ಸಂಬಳ ಕೈತಪ್ಪೀತೆಂಬ ಅಳುಕೂ ಇತ್ತು. ಕೊನೆಗೆ 1896ರಲ್ಲಿ ಹೆಂಡತಿಯ ಮನೆತನಕ್ಕೆ ಸೇರಿ ಕೊಯಿಝುಮಿ ಯಾಕುಮೋ ಎಂಬ ಹೆಸರು ತಾಳಿದನು. ಯಾಕುಮೋ ಎಂದರೆ ಎಂಟು ಮೋಡಗಳು. ಮಾತ್ಸುಯೆ ಇರುವ ಇಝುಮೋ ಪ್ರಾಂತಕ್ಕೆ ಪ್ರಾಚೀನ ಕಾವ್ಯವು ಕೊಟ್ಟ ವಿಶೇಷಣ. ಹೆಂಡತಿಯು ಗಂಡನ ಹೆಸರನ್ನು ಪಡೆಯುವುದೇ ಲೋಕರೂಢಿಯಾಗಿದ್ದ ಕಾಲದಲ್ಲಿ ಗಂಡನೇ ಹೆಂಡತಿಯ ಹೆಸರನ್ನು ಪಡೆದನು.

ಅದೇ ವರುಷ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕ ಪದವಿ ದೊರೆಯಿತು. 1903ರಲ್ಲಿ ಅದು ಕೈಬಿಟ್ಟಿತು. ವಿದ್ಯಾರ್ಥಿಗಳು ಪ್ರತಿಭಟಿಸಿದರೂ ಫಲವಾಗಲಿಲ್ಲ. ಆ ಸ್ಥಾನಕ್ಕೆ ಬಂದವರಲ್ಲಿ ಮುಂದೆ ಮಹಾ ಕಾದಂಬರಿಕಾರರೆನಿಸಿದ ನತ್ಸುಮೆ ಸೊಸೆಕಿ ಒಬ್ಬರು. 1904ರ ಸೆಪ್ಟೆಂಬರ್ 26ರಂದು ಯಾಕುಮೋ ತೀರಿಕೊಂಡಾಗ ವಯಸ್ಸು ಐವತ್ತನಾಲ್ಕು. ಮನೆಯಲ್ಲಿ ನಾಲ್ಕು ಮಕ್ಕಳು, ಕೊನೆಯದು ಕೈಗೂಸು. ಮಡದಿಮಕ್ಕಳು ತಮ್ಮ ದೇಶದ ಪ್ರಜೆಗಳಾಗಿಯೇ ಉಳಿದರು. ತಂದೆಯು ಕಾಗದಪತ್ರಗಳಲ್ಲಿ ಪಟ್ಟ ಶ್ರಮ ಆಗ ಫಲ ಕೊಟ್ಟಿತು.

ಮಾತ್ಸುಯೆಯಲ್ಲಿ ಆತನು ಬಾಡಿಗೆಗಿದ್ದ ಸಮುರಾಯಿ ಮನೆಯೂ ಅದರ ತೋಟವೂ ಇಂದಿಗೂ ಇವೆ. ಪಕ್ಕದ ಸ್ಮಾರಕ ಭವನದಲ್ಲಿ ಎತ್ತರವಾದ ಮೇಜೊಂದಿದೆ; ಮಂದದೃಷ್ಟಿಯವನು ಕಾಗದಕ್ಕೆ ಮುಖ ತಾಗಿಸಿ ಬರೆಯಲು ಮಾಡಿಸಿಕೊಂಡದ್ದು ಅದು. ಆತನ ಕಥೆಗಳು 1964ರಲ್ಲಿ ಮಸಾಕಿ ಕೊಬಯಾಶಿಯವರ ಚಲನಚಿತ್ರವಾದವು. 2025ರಲ್ಲಿ ಜಪಾನಿನ ಎನ್.ಎಚ್.ಕೆ. ದೂರದರ್ಶನವು ಆರಂಭಿಸಿದ ಧಾರಾವಾಹಿಯೊಂದಕ್ಕೆ ಮಾದರಿಯಾದವಳು ಮೇಷ್ಟರಿಗಿಂತ ಹೆಚ್ಚಾಗಿ ಸೆಟ್ಸುವೇ. ಕಥೆಗಳನ್ನು ಹೇಳಿದವಳಿಗೆ ಸಲ್ಲಬೇಕಾದ ಮನ್ನಣೆ ತಡವಾಗಿಯಾದರೂ ಬಂದಿತು.

ಪರದೇಶದಲ್ಲಿ ನೆಲೆಸಿದ ಮಕ್ಕಳಿಂದ ಚಿತ್ರಗಳು ಬರುವ ಮನೆಗಳು ಈಗ ನಮ್ಮ ಊರುಗಳಲ್ಲಿ ಎಷ್ಟೋ ಇವೆ. ಮಗನು ತೊಟ್ಟ ಹೊಸ ಉಡುಪನ್ನು ಕಂಡು ನಗುವವರೂ ಉಂಟು, ನಿಟ್ಟುಸಿರಿಡುವವರೂ ಉಂಟು. ಹರ್ನನ ಬಾಳನ್ನು ಬಲ್ಲವರು ಇನ್ನೊಂದನ್ನು ಕೇಳಿಯಾರು: ಆ ನೆರೆಹೊರೆಯವರ ನಗೆಗೂ ಅಳುವಿಗೂ ಅರ್ಥವೇನೆಂಬುದು ಅವನಿಗೆ ತಿಳಿಯತೊಡಗಿದೆಯೆ? ಅದಕ್ಕೆ ಉತ್ತರ ಚಿತ್ರದಲ್ಲಿ ಸಿಗದು. ಕಾಗದ ಬರೆದೇ ಕೇಳಬೇಕು.