ಕೈತೋಟ: ಊಟದೆಲೆಗೆ ಹತ್ತಿದ ನುಸಿ

ಭದ್ರಾವತಿಯ ವಾಚಕಿಯೊಬ್ಬರು ಬರೆಯುತ್ತಾರೆ: “ಹಿತ್ತಲಿನಲ್ಲಿ ನಾಲ್ಕು ಪುಟ್ಟಬಾಳೆಯ ಬುಡಗಳಿವೆ. ಶಿವರಾತ್ರಿಯವರೆಗೂ ಹಸುರಾಗಿದ್ದ ಎಲೆಗಳು ಈಗ ಬೂದಿ ಬಳಿದಂತೆ ಮಂಕಾಗಿ ಅಂಚಿನಿಂದ ಒಣಗುತ್ತಿವೆ. ಯೂರಿಯಾ ಹಾಕಿದರೂ ಗುಣ ಕಾಣಲಿಲ್ಲ. ನೆರೆಮನೆಯವರು ಔಷಧಿ ಹೊಡೆಸಿರೆನ್ನುತ್ತಾರೆ. ಯುಗಾದಿಯ ಊಟಕ್ಕೆ ಮನೆಯ ಎಲೆ ಸಿಕ್ಕೀತೇ?”

ಸಿಕ್ಕೀತು, ಆದರೆ ಔಷಧಿಯವನನ್ನು ಕರೆಯದಿದ್ದರೆ ಮಾತ್ರ. ಮೊದಲು ಎಲೆಯನ್ನು ಮಗುಚಿ ನೋಡಬೇಕು. ನಡುನರದ ಇಕ್ಕೆಲಗಳಲ್ಲಿ ನವಿರಾದ ಬಲೆಯೂ ಅದರೊಳಗೆ ಕೆಂಪು ಚುಕ್ಕೆಗಳೂ ಇವೆಯೇ? ಬಿಳಿಯ ಕಾಗದ ಹಿಡಿದು ಎಲೆಯನ್ನು ಮೆಲ್ಲನೆ ತಟ್ಟಿರಿ. ಉದುರಿದ ಚುಕ್ಕೆಗಳು ಹರಿದಾಡಿದರೆ ಅದು ಜೇಡನುಸಿಯೇ ಸರಿ. ಇದು ಕೀಟವಲ್ಲ, ಎಂಟು ಕಾಲುಗಳ, ಜೇಡನ ಬಳಗಕ್ಕೆ ಸೇರಿದ ಜೀವಿ. ಎಲೆಯ ಕೆಳಮೈಯ ಜೀವಕೋಶಗಳನ್ನು ಚುಚ್ಚಿ ರಸ ಹೀರುತ್ತದೆ. ಆ ಗಾಯವೇ ಮೇಲ್ಮೈಯಲ್ಲಿ ಬಿಳಿಚಿದ ಚುಕ್ಕೆಗಳಾಗಿ ತೋರುತ್ತದೆ. ಬಿಸಿಲು 35 ಡಿಗ್ರಿ ತಲಪುವ ದಿನಗಳಲ್ಲಿ ಮೊಟ್ಟೆಯೊಡೆದು ಬಂದ ಮರಿ ವಾರ ಹತ್ತು ದಿನಗಳಲ್ಲೇ ಬೆಳೆದು ತಾನೂ ಮೊಟ್ಟೆಯಿಡುತ್ತದೆ. ಗಿಡ ಸೊರಗಿತೆಂದು ಯೂರಿಯಾ ಸುರಿಯುವುದಂತೂ ನುಸಿಗೆ ಪಾಯಸ ಬಡಿಸಿದಂತೆ.

ತುಮಕೂರಿನ ಕಡೆಯಿಂದ ಭದ್ರಾವತಿಯ ಮೂಲಕ ಶಿವಮೊಗ್ಗಕ್ಕೆ ಬರುವ ಹೆದ್ದಾರಿಯ ಮಗ್ಗುಲಿನ ಮನೆಯವರು ಇನ್ನೊಂದನ್ನು ಗಮನಿಸಬೇಕು. ಧೂಳು ಕೂತ ಎಲೆ ಈ ನುಸಿಗೆ ಬಲು ಹಿತ. ಅದನ್ನು ಬೇಟೆಯಾಡುವ ಜೀವಿಗಳಿಗೆ ಮಾತ್ರ ಅಹಿತ. ಹೌದು, ನುಸಿಗೂ ಶತ್ರುಗಳುಂಟು. ಸಾಸಿವೆಗಿಂತ ಕಿರಿದಾದ ಕಪ್ಪು ಗುಲಗಂಜಿ ಹುಳುವೊಂದು ನುಸಿಯನ್ನೇ ತಿಂದು ಬಾಳುತ್ತದೆ. ನುಸಿಯನ್ನು ತಿನ್ನುವ ಪರಭಕ್ಷಕ ನುಸಿಗಳೂ ಇವೆ. ಎರಡನೆಯ ಮಹಾಯುದ್ಧದ ತರುವಾಯ ಹೊರದೇಶಗಳ ಹಣ್ಣಿನ ತೋಟಗಳಲ್ಲಿ ಡಿಡಿಟಿ ಸಿಂಪಡಿಸಿದಾಗ ಆದುದೇನು? ಈ ಮಿತ್ರರೆಲ್ಲ ಸತ್ತರು. ಡಿಡಿಟಿಗೆ ಜಗ್ಗದ ಜೇಡನುಸಿ ಮೊದಲಿಗಿಂತ ಹತ್ತು ಪಾಲು ಮೆರೆಯಿತು. ನೆರೆಮನೆಯವರ ಸಲಹೆಯ ಫಲವೂ ಬಹುಶಃ ಅದೇ ಆದೀತು. ನುಸಿಗೆಂದೇ ಬಹುಕಾಲ ಮಾರಾಟವಾಗುತ್ತಿದ್ದ ಡೈಕೋಫಾಲ್ ಎಂಬ ವಿಷವನ್ನು ಭಾರತ ಸರ್ಕಾರ 2023ರಲ್ಲಿ ನಿಷೇಧಿಸಿದೆ. ಹಳೆಯ ಶೀಶೆ ಯಾರ ಅಟ್ಟದಲ್ಲಾದರೂ ಉಳಿದಿದ್ದರೆ ಅದನ್ನು ಮುಟ್ಟಬೇಡಿ. ಹಣ್ಣಿಗಾದರೂ ಸಿಪ್ಪೆಯಿದೆ, ಎಲೆಯ ಮೇಲೆ ನಾವು ಬಿಸಿ ಅನ್ನವನ್ನೇ ಬಡಿಸುತ್ತೇವೆ.

ಹಾಗಾದರೆ ಮಾಡಬೇಕಾದುದೇನು? ನೀರು. ಬೆಳಗಿನ ಹೊತ್ತು ಎಲೆಯ ಕೆಳಮೈಗೆ ಬಿರುಸಾಗಿ ನೀರು ಚಿಮ್ಮಿಸಿ ಬಲೆಯನ್ನೂ ನುಸಿಯನ್ನೂ ತೊಳೆಯಬೇಕು. ಬೇಸಿಗೆಯಲ್ಲಿ ನೀರು ಸಾಲದಿದ್ದರೆ ಒಂದು ಬಕೆಟ್ಟೇ ಸಾಕು: ಒದ್ದೆ ಬಟ್ಟೆಯನ್ನು ಅಂಗೈಯಲ್ಲಿ ಹಿಡಿದು ನಡುನರದಿಂದ ಅಂಚಿನ ಕಡೆಗೆ, ಎಲೆ ಹರಿಯದಂತೆ ಒರಸಿರಿ. ಮಕ್ಕಳಿಗೆ ಈ ಕೆಲಸ ಬಹಳ ಪ್ರಿಯ. ಒಂದೇ ದಿನ ಮಾಡಿ ಕೈತೊಳೆದುಕೊಂಡರೆ ಉಳಿದ ಮೊಟ್ಟೆಗಳು ಒಡೆದು ಕಥೆ ಮೊದಲಿನಿಂದ ಆರಂಭವಾಗುತ್ತದೆ. ನಾಲ್ಕೈದು ದಿನಗಳಿಗೊಮ್ಮೆ, ಮೂರು ನಾಲ್ಕು ಬಾರಿ ಮಾಡಲೇಬೇಕು. ಬುಡದಲ್ಲಿ ತೇವ ಆರದಂತೆ ಒಣ ತರಗು ಹೊದಿಸಿರಿ. ಪೂರ್ತಿ ಒಣಗಿದ ಕೆಳಗಿನ ಎಲೆಗಳನ್ನು ಕತ್ತರಿಸಿ ಹೂಳಿರಿ. ಆದರೆ ಕೋಪದಿಂದ ಗಿಡವನ್ನು ಬೋಳಿಸಬಾರದು. ಹೂ ಬಿಡುವ ವೇಳೆಗೆ ಎಂಟು ಒಳ್ಳೆಯ ಎಲೆಗಳಾದರೂ ಇಲ್ಲದಿದ್ದರೆ ಗೊನೆ ತುಂಬದು.

ಇಷ್ಟಕ್ಕೂ ಬಗ್ಗದಿದ್ದರೆ ಲೀಟರು ನೀರಿಗೆ 5 ಮಿಲಿಲೀಟರು ಬೇವಿನೆಣ್ಣೆಯನ್ನು ಸ್ವಲ್ಪ ಸಾದಾ ಸಾಬೂನಿನ ನೀರಿನೊಡನೆ ಕದಡಿ, ಸಂಜೆ ಕೆಳಮೈ ನೆನೆಯುವಂತೆ ಸಿಂಪಡಿಸಬಹುದು. ನೀರಿನಲ್ಲಿ ಕರಗಿಸುವ ಗಂಧಕವನ್ನು ಲೀಟರಿಗೆ 3 ಗ್ರಾಂ ಬಳಸುವುದೂ ಉಂಟು. ಆದರೆ ಸುಡುಬಿಸಿಲಿನಲ್ಲಿ ಗಂಧಕ ಎಲೆಯನ್ನು ಸುಡುತ್ತದೆ. ಎಣ್ಣೆ ಸಿಂಪಡಿಸಿದ ಎರಡು ವಾರಗಳೊಳಗಂತೂ ಅದು ಬೇಡವೇ ಬೇಡ. ಊಟಕ್ಕೆಂದು ಗೊತ್ತುಮಾಡಿದ ಗಿಡವೊಂದನ್ನು ಇವೆರಡರಿಂದಲೂ ದೂರವಿಟ್ಟು ಬರಿ ನೀರಿನಲ್ಲೇ ಕಾಪಾಡಿಕೊಳ್ಳಿರಿ. ಯುಗಾದಿಯ ಹೊತ್ತಿಗೆ ಸುಳಿಯಿಂದ ಬಿಚ್ಚುವ ಹೊಸ ಎಲೆಗಳು ಶುಚಿಯಾಗಿರುತ್ತವೆ. ಜೂನ್ ತಿಂಗಳ ಮುಂಗಾರು ಹಿಡಿದರೆ ಉಳಿದ ನುಸಿಯ ಲೆಕ್ಕವನ್ನು ಅದೇ ತೀರಿಸುತ್ತದೆ.

ಶಿವಮೊಗ್ಗದ ಮತ್ತೊಬ್ಬ ವಾಚಕರು, “ನಮ್ಮ ತೋಟದ ಅಡಕೆಯಿಂದಲೇ ಬಾಳೆಗೆ ನುಸಿ ಇಳಿಯಿತೇ?” ಎಂದು ಕೇಳಿದ್ದಾರೆ. ಅಡಕೆ, ತೆಂಗುಗಳ ಕೆಂಪು ನುಸಿ ಬೇರೆಯೇ ಜಾತಿಯದು. 1924ರಲ್ಲಿ ಕೊಯಮತ್ತೂರಿನ ತೆಂಗಿನಿಂದ ದೊರೆತ ಮಾದರಿಗಳಿಂದ ಅದಕ್ಕೆ ಶಾಸ್ತ್ರೀಯ ನಾಮಕರಣವಾಯಿತು. 2004ರಲ್ಲಿ ಕೆರಿಬಿಯನ್ ಸಮುದ್ರದ ಮಾರ್ಟಿನೀಕ್ ದ್ವೀಪದಲ್ಲಿ ಕಾಣಿಸಿಕೊಂಡು, ಆ ಸೀಮೆಯಲ್ಲಿ ತೆಂಗಿನ ಜೊತೆಗೆ ಬಾಳೆಗೂ ಹತ್ತಿತು! ಆದರೆ ಅದು ಬಲೆ ನೇಯುವುದಿಲ್ಲ. ಬಲೆಯಿಲ್ಲದೆ ಕೆಂಪು ನುಸಿಗಳು ಮಾತ್ರ ಕಂಡರೆ ಎಲೆಯ ಒಂದು ತುಂಡನ್ನು ಕಾಗದದ ಲಕೋಟೆಯಲ್ಲಿಟ್ಟು, ಬಾಡುವ ಮೊದಲೇ ನವಿಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿರಿ.